ಫಾಸ್ಫೇಟ್ ಗಾಜು: ಭೌತಿಕ ಗುಣಗಳ ಅಧ್ಯಯನದ ಇತಿಹಾಸ

ಮರಳಿನ ಬದಲು ರಂಜಕದ ಆಕ್ಸೈಡನ್ನು ಆಧಾರವಾಗಿಟ್ಟು ಕರಗಿಸಿ, ಹರಳುಗಟ್ಟಲು ಬಿಡದೆ ತಣಿಸಿದ್ದು ಫಾಸ್ಫೇಟ್ ಗಾಜು. ಅದನ್ನು ಮತ್ತೆ ಹದವಾಗಿ ಕಾಯಿಸಿ ಒಳಗೆ ಸೂಕ್ಷ್ಮ ಹರಳುಗಳನ್ನು ಬೆಳೆಸಿದರೆ ಗ್ಲಾಸ್-ಸೆರಾಮಿಕ್ ಆಗುತ್ತದೆ. ಮರಳಿನಲ್ಲಿರುವ ಸಿಲಿಕಾನ್ ತನ್ನ ನಾಲ್ಕು ಆಮ್ಲಜನಕಗಳಿಂದಲೂ ನೆರೆಯ ಘಟಕಗಳಿಗೆ ಕೊಂಡಿ ಹಾಕಬಲ್ಲದು. ರಂಜಕದ ಒಂದು ಆಮ್ಲಜನಕ ಜೋಡಿಬಂಧದಲ್ಲಿ ಸಿಕ್ಕಿಕೊಂಡಿರುವುದರಿಂದ ಕೊಂಡಿಗೆ ಒದಗುವುದು ಮೂರೇ. ಈ ಗಾಜು ಬೇಗ ಮೆದುವಾಗುವುದಕ್ಕೂ ಬಿಸಿಗೆ ಹೆಚ್ಚು ಹಿಗ್ಗುವುದಕ್ಕೂ ತೇವಕ್ಕೆ ಸೋಲುವುದಕ್ಕೂ ಮುಖ್ಯ ಕಾರಣ ಅದು.

ಇತಿಹಾಸದ ಮೊದಲ ಗೊಂದಲ ಹೆಸರಿನದು. 1833ರಲ್ಲಿ ಥಾಮಸ್ ಗ್ರಹಾಂ ಸೋಡಿಯಂ ಫಾಸ್ಫೇಟನ್ನು ಕರಗಿಸಿ ತಣಿಸಿ, ನೀರಿನಲ್ಲಿ ಕರಗುವ ಗಾಜೊಂದನ್ನು ವಿವರಿಸಿದ. 1849ರಲ್ಲಿ ಫ್ಲೈಟ್‌ಮನ್ ಅದರಲ್ಲಿ ಆರು ಘಟಕಗಳಿವೆಯೆಂದು ಊಹಿಸಿ ‘ಹೆಕ್ಸಾಮೆಟಾಫಾಸ್ಫೇಟ್’ ಎಂದು ಕರೆದ. ಆ ಊಹೆ ತಪ್ಪು. 1950ರ ಹೊತ್ತಿಗೆ ವಾನ್ ವೇಜರ್ ಮತ್ತಿತರರು ಸರಪಳಿಯ ತುದಿಗಳನ್ನು ಎಣಿಸುವ ವಿಧಾನದಿಂದ, ಅದು ಬೇರೆಬೇರೆ ಉದ್ದದ ಸರಪಳಿಗಳ ಮಿಶ್ರಣವೆಂದು ತೋರಿಸಿದರು. ಹೆಸರು ಮಾತ್ರ ಉಳಿದುಕೊಂಡಿತು. ಇಂದಿಗೂ ಮಾರುಕಟ್ಟೆಯಲ್ಲಿ ಅದೇ ಹೆಸರು.

ಎರಡನೆಯದು ‘ನೀರಿಗೆ ನಿಲ್ಲದ, ಕೆಲಸಕ್ಕೆ ಬಾರದ ಗಾಜು’ ಎಂಬ ಅಪವಾದ. ಜರ್ಮನಿಯ ಯೇನಾದಲ್ಲಿ ಓಟೋ ಶಾಟ್ 1880ರ ದಶಕದಲ್ಲಿ ಮಾಡಿದ ಫಾಸ್ಫೇಟ್ ಮಸೂರಗಳು ಗಾಳಿಯ ತೇವಕ್ಕೆ ಮಂಕಾದದ್ದರಿಂದ ಈ ಮಾತು ಬೇರೂರಿತು. ಅಲ್ಯೂಮಿನಿಯಂ, ಕಬ್ಬಿಣ, ಸೀಸದ ಆಕ್ಸೈಡ್ ಬೆರೆಸಿದರೆ ಸರಪಳಿಗಳು ಅಡ್ಡಕ್ಕೆ ಬಿಗಿದು ಬಾಳಿಕೆ ಹೆಚ್ಚುತ್ತದೆ. 1984ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಸೇಲ್ಸ್ ಮತ್ತು ಬೋಟ್ನರ್ ಸೀಸ-ಕಬ್ಬಿಣದ ಫಾಸ್ಫೇಟ್ ಗಾಜನ್ನು ಅಣುತ್ಯಾಜ್ಯ ಹಿಡಿದಿಡಲು ಸೂಚಿಸಿದ್ದು ಇದೇ ಬಲದ ಮೇಲೆ. ಹಿಗ್ಗುವ ದೋಷವೂ ಗುಣವಾಯಿತು. ಶುದ್ಧ ಸಿಲಿಕಾ ಗಾಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಭಾಗದಷ್ಟು ಹಿಗ್ಗಿದರೆ, ಕೆಲವು ಫಾಸ್ಫೇಟ್ ಗಾಜುಗಳು 20 ಭಾಗ ಹಿಗ್ಗುತ್ತವೆ. ಅಲ್ಯೂಮಿನಿಯಂ ಲೋಹದ ಹಿಗ್ಗು 23. ಹಾಗಾಗಿ ಇವೆರಡನ್ನು ಬಿರುಕಿಲ್ಲದೆ ಬೆಸೆಯಬಹುದು. ‘ಕೆಲಸಕ್ಕೆ ಬಾರದ’ ಎಂಬ ಮಾತಿಗೆ ಇನ್ನೊಂದು ಉತ್ತರ ಲೇಸರ್: ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯ ಲೇಸರ್‌ನಲ್ಲಿ ನಿಯೋಡೈಮಿಯಂ ಬೆರೆತ ಫಾಸ್ಫೇಟ್ ಗಾಜಿನ ಹಲಗೆಗಳು ಮೂರು ಸಾವಿರಕ್ಕೂ ಹೆಚ್ಚು.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲು ಹೊರಗಿನ ಗ್ರಂಥಗಳಲ್ಲಿ ಅಡಿಟಿಪ್ಪಣಿಗೆ ಇಳಿದಿದೆ, ಇದು ನ್ಯಾಯವಲ್ಲ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನ ವಿಭಾಗವನ್ನು ಕಟ್ಟಿದರು. ಅಲ್ಲಿ ಗಾಜಿನ ಅಧ್ಯಯನವನ್ನು ಬೆಳೆಸಿದವರು ಕೆ.ಜೆ. ರಾವ್.

ಇಂಥ ಪ್ರಯೋಗಶಾಲೆಯ ಕೆಲಸ ಸಾಮಾನ್ಯವಾಗಿ ಮೂಸೆಯಿಂದ ಶುರು. ರಂಜಕದ ಆಕ್ಸೈಡ್ ಗಾಳಿಯ ನೀರನ್ನೇ ಹೀರುವುದರಿಂದ ಅದರ ಬದಲು ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ ತೂಗುತ್ತಾರೆ. ಬಿಸಿ ಏರಿದಂತೆ ಅಮೋನಿಯಾ ಘಾಟು, ನೀರಾವಿ; ಅವಸರಿಸಿದರೆ ಪುಡಿ ನೊರೆಯುಕ್ಕಿ ಮೂಸೆಯ ಹೊರಗೆ. ಕರಗಿದ ರಸವನ್ನು ಲೋಹದ ಎರಡು ಹಲಗೆಗಳ ನಡುವೆ ಒತ್ತಿ ತಟ್ಟನೆ ತಣಿಸುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಇಂಥ ಕರಗಿಸುವಿಕೆಯನ್ನು ನಿಮಿಷಗಳಿಗೆ ಇಳಿಸುವ ದಾರಿಯನ್ನು 1994ರಲ್ಲಿ ವೈದ್ಯನಾಥನ್, ಗಂಗೂಲಿ ಮತ್ತು ಕೆ.ಜೆ. ರಾವ್ ಪ್ರಕಟಿಸಿದರು. ಅದು ಮೈಕ್ರೋವೇವ್ ವಿಧಾನ.

1996ರಲ್ಲಿ ಕೆ.ಸಿ. ಶೋಭಾ ಮತ್ತು ಕೆ.ಜೆ. ರಾವ್, ಸೋಡಿಯಂ ಅಯಾನು ಸರಾಗವಾಗಿ ಹರಿಯುವ ‘ನಾಸಿಕಾನ್’ ಹರಳಿನ ಮಾದರಿಯ ಸೂತ್ರವಿರುವ ಗಾಜುಗಳನ್ನು ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳೊಂದಿಗೆ ಅಭ್ಯಸಿಸಿದರು. ಮರುವರ್ಷವೇ ಜಪಾನಿನಲ್ಲಿ ಜೀ ಫು, ಇಂಥದೇ ರಚನೆಯ ಲಿಥಿಯಂ-ಟೈಟೇನಿಯಂ ಗ್ಲಾಸ್-ಸೆರಾಮಿಕ್‌ನಲ್ಲಿ ಕೋಣೆಯ ಬಿಸಿಯಲ್ಲೇ ಸೆಂಟಿಮೀಟರಿಗೆ 0.001 ಸೀಮನ್ಸ್ ಮೀರಿದ ವಾಹಕತೆ ದಾಖಲಿಸಿದರು. ಘನ ಬ್ಯಾಟರಿಯ ಇಂದಿನ ಚರ್ಚೆಯಲ್ಲಿ ಈ ವಸ್ತುಕುಟುಂಬಕ್ಕೆ ಗಟ್ಟಿ ಸ್ಥಾನವಿದೆ. ಕೆ.ಜೆ. ರಾವ್ ಅವರ ಗಾಜಿನ ರಚನಾ ರಸಾಯನದ ಗ್ರಂಥ 2002ರಲ್ಲಿ ಬಂತು. ಗುಲ್ಬರ್ಗಾ ವಿಶ್ವವಿದ್ಯಾಲಯದಿಂದ ವನೇಡಿಯಂ-ಫಾಸ್ಫೇಟ್ ಗಾಜುಗಳ ವಿದ್ಯುತ್ ವಾಹಕತೆಯ ಬರಹಗಳು 2007ರ ಸುಮಾರಿಗೆ.

ಗ್ರಹಾಮನ ಗಾಜು ಈಗ ಆಹಾರದಲ್ಲೂ ಇದೆ. ಪ್ರೊಸೆಸ್ಡ್ ಚೀಸ್ ಪೊಟ್ಟಣದ ಹಿಂಬದಿಯಲ್ಲಿ ಐಎನ್‌ಎಸ್ 452(ಐ) ಎಂದಿದ್ದರೆ ಅದು ಸೋಡಿಯಂ ಪಾಲಿಫಾಸ್ಫೇಟ್, ಆ ಗಾಜಿನದೇ ಕುಟುಂಬ.