ಛಾಯಾನಾಟಕವೂ ತೊಗಲುಬೊಂಬೆಯಾಟವೂ

ಸುಭಟಕವಿಯ ‘ದೂತಾಂಗದ’ವು ಕ್ರಿ. ಶ. ೧೨೪೩ರಲ್ಲಿ ಗುಜರಾತಿನ ಅಣಹಿಲವಾಡದಲ್ಲಿ, ತ್ರಿಭುವನಪಾಲರಾಜನ ಕಾಲದಲ್ಲಿ ಅಭಿನೀತವಾದ ಕೃತಿಯು. ಇದಕ್ಕೆ ಛಾಯಾನಾಟಕವೆಂಬ ಸಂಜ್ಞೆಯುಂಟು. ಈ ಸಂಜ್ಞೆಯ ಅರ್ಥವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಪಿಶೆಲ್ ಪಂಡಿತರು ೧೯೦೬ರಲ್ಲಿ ಇದನ್ನು ನೆರಳಿನಾಟವೆಂದು ವ್ಯಾಖ್ಯಾನಿಸಿದರು. ೧೯೧೬ರಲ್ಲಿ ಲ್ಯೂಡರ್ಸ್ ಪಂಡಿತರು ಮಹಾಭಾಷ್ಯೋಕ್ತರಾದ ಶೌಭಿಕರನ್ನೂ ಈ ಕಲೆಗೆ ಸಂಬಂಧಿಸಿದರು. ೧೯೨೪ರಲ್ಲಿ ಕೀತ್ ಪಂಡಿತರು ಆ ವಾದವನ್ನು ಅಂಗೀಕರಿಸಲಿಲ್ಲ.

ಛಾಯೆಯೆಂದೊಡನೆ ಕಪ್ಪು ನೆರಳನ್ನೇ ನೆನೆಯುವುದು ನಮ್ಮಲ್ಲಿ ರೂಢಿ. ಆದರೆ ಅಮರಸಿಂಹನು ಈ ಶಬ್ದಕ್ಕೆ ಸೂರ್ಯಪತ್ನಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದಿರುವಿಕೆ ಎಂದು ನಾಲ್ಕು ಅರ್ಥಗಳನ್ನು ಹೇಳಿರುವನು. ಕತ್ತಲೆಯೂ ಕಾಂತಿಯೂ ಒಂದೇ ಶಬ್ದದಲ್ಲಿ ಹೇಗೆ ಕೂಡಿದುವೆಂಬ ಶಂಕೆಗೆ ನಮ್ಮ ನಾಡಿನ ತೊಗಲುಬೊಂಬೆಯಾಟದಲ್ಲಿ ಪ್ರತ್ಯಕ್ಷವಾದ ದೃಷ್ಟಾಂತವು ದೊರೆಯುತ್ತದೆ.

ಕಿಳ್ಳೇಕ್ಯಾತರು ಆಡಿನ ತೊಗಲನ್ನು ಹೆರೆದು, ಬೆಳಕು ತೂರಿಬರುವಷ್ಟು ತೆಳ್ಳಗೆ ಮಾಡಿ, ಅದರ ಮೇಲೆ ಚಿತ್ರವನ್ನು ಬರೆದು ಬಣ್ಣವನ್ನು ತುಂಬುವರು. ಆಭರಣಾದಿಗಳ ಸ್ಥಾನದಲ್ಲಿ ರಂಧ್ರಗಳನ್ನು ಕೊರೆಯುವರು. ಪರದೆಯ ಹಿಂದೆ ದೀಪವನ್ನಿಟ್ಟಾಗ ರೇಖೆಗಳು ಕಪ್ಪಾಗಿಯೂ, ತೊಗಲು ಕೆಂಪು ಹಸುರುಗಳ ಪ್ರಭೆಯಾಗಿಯೂ, ರಂಧ್ರಗಳು ಶುದ್ಧ ಬೆಳಕಾಗಿಯೂ ತೋರುವುವು. ಕೇರಳದ ತೋಲ್ಪಾವಕೂತ್ತಿನಲ್ಲಿ ಬಹುತರವಾಗಿ ಕಪ್ಪು ನೆರಳೇ ಪ್ರಧಾನ. ನಮ್ಮಲ್ಲಿ ವರ್ಣವೇ ನೆರಳಾಗಿ ಬೀಳುತ್ತದೆ. ಬೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ರೂಪವು ಸ್ಫುಟ. ದೀಪದೆಡೆಗೆ ಸರಿಸಿದರೆ ಅದು ಬೆಳೆದು, ಅಂಚು ಕರಗಿ, ಬಣ್ಣವು ಮಸುಳುತ್ತದೆ. ಎಣ್ಣೆಯ ದೀಪವಾದರೆ ಅದರ ಕುಡಿ ತುಯ್ದಂತೆಲ್ಲ ನಿಂತ ಬೊಂಬೆಯೂ ಉಸಿರಾಡುವಂತೆ ಕಾಣುವುದು. ಒಂದೇ ತೊಗಲಿನಲ್ಲಿ ಹಲವು ಪಾತ್ರಗಳನ್ನು ಬರೆದ, ಕೈಕಾಲಾಡದ ದೊಡ್ಡ ಬೊಂಬೆಗಳಿಗೆ ಈ ಚಲನವೇ ಜೀವವು.

ಇಷ್ಟರಿಂದ ‘ದೂತಾಂಗದ’ವನ್ನು ತೊಗಲುಬೊಂಬೆಗಳಿಂದಲೇ ಆಡಿದರೆಂದು ಸಿದ್ಧವಾಗುವುದಿಲ್ಲ. ಮೇಘಪ್ರಭಾಚಾರ್ಯನ ‘ಧರ್ಮಾಭ್ಯುದಯ’ವೆಂಬ ಛಾಯಾನಾಟ್ಯದಲ್ಲಿ ಯತಿವೇಷದ ಬೊಂಬೆಯೊಂದನ್ನು ಇರಿಸಬೇಕೆಂಬ ರಂಗಸೂಚನೆಯಿದ್ದರೂ, ಅದು ತೊಗಲಿನದೆಂಬುದಕ್ಕೆ ಪ್ರಮಾಣವಿಲ್ಲ. ಛಾಯಾಶಬ್ದದಿಂದ ವರ್ಣಮಯವಾದ ಬಿಂಬವನ್ನು ಗ್ರಹಿಸುವುದಕ್ಕೆ ಬಾಧಕವಿಲ್ಲವೆಂಬಷ್ಟೇ ಇಲ್ಲಿಯ ಪ್ರತಿಜ್ಞೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಇಂತಹ ಬೊಂಬೆಗಳ ದೊಡ್ಡ ಸಂಗ್ರಹವು ಏರ್ಪಟ್ಟಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಸಂಗ್ರಹವು ಬೊಂಬೆಯನ್ನು ಉಳಿಸಬಲ್ಲುದು. ಛಾಯೆಯಾದರೋ ದೀಪವೂ ಆಡಿಸುವ ಕೈಯೂ ಇರುವಲ್ಲಿ ಮಾತ್ರ ಹುಟ್ಟತಕ್ಕದ್ದು. ಆದಕಾರಣ ಛಾಯಾನಾಟಕವನ್ನು ಪಾಠ ಹೇಳುವ ಉಪಾಧ್ಯಾಯರು ಕೋಶವನ್ನು ತೆರೆಯುವುದರೊಡನೆ, ಈ ಕುಲವಿದ್ಯೆಯನ್ನು ಉಳಿಸಿಕೊಂಡಿರುವವರ ಆಟವನ್ನೂ ಒಂದು ರಾತ್ರಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.