ಕಾಲು ಹಿಡಿಯೂ ಪೆಡಲ್ಲು, ಕಾಲು ಬಿಡೂ ಪೆಡಲ್ಲು

ಮೊದಲು ಹೆಸರಿನ ತಂಟೆ ಮುಗಿಸಿಬಿಡ್ತೇನಿ. ಮಗಳು ತನ್ನ ಸೈಕಲ್ಲಿಗೆ ‘ಕ್ಲಿಪ್‌ಲೆಸ್’ ಪೆಡಲ್ ಹಾಕಿಸ್ಕೊಂಡಾಳ. ಕ್ಲಿಪ್‌ಲೆಸ್ ಅಂದ್ರ ಕ್ಲಿಪ್ ಇಲ್ಲದ್ದು. ಆದ್ರ ಅದರ ಸಂಗಾಟ ಬಂದ ಬೂಟಿನ ತಳದಾಗ ಉಕ್ಕಿನ ಸಣ್ಣ ತುಂಡೊಂದು ಅದ, ಅದಕ್ಕ ಕ್ಲೀಟ್ ಅಂತಾರ. ಅದನ್ನ ಪೆಡಲ್ ಮ್ಯಾಲಿಟ್ಟು ಒತ್ತಿದ್ರ ಟಕ್ ಅಂತ ಕಚ್ಚಿಕೊಳ್ತದ. ಆಮ್ಯಾಲೆ ಕಾಲು ಎತ್ತಿದ್ರ ಸೈಕಲ್ಲೂ ಎದ್ದು ಬರ್ತದ. “ಇಷ್ಟು ಗಟ್ಟಿ ಕ್ಲಿಪ್ ಆಗೂದಕ್ಕ ಕ್ಲಿಪ್ ಇಲ್ಲದ್ದು ಅಂತ ಯಾವ ಶಾಣ್ಯಾ ಹೆಸರಿಟ್ಟಾನ?” ಅಂತ ನಮ್ಮ ಅತ್ತಿಯವರು ಕೇಳಿದ್ರು. ಕೇಳಿದ್ದು ಖರೇನ ಅದ.

ಅದಕ್ಕೊಂದು ಕಾರಣ ಅದ. 19ನೇ ಶತಮಾನದ ಕೊನೀಗೆ ರೇಸಿನ ಸೈಕಲ್ಲಿಗೆ ಟೋ ಕ್ಲಿಪ್ ಅಂತ ಬಂತು. ಪೆಡಲ್ಲಿನ ಮುಂದ ಕಬ್ಬಿಣದ್ದೊಂದು ಪಂಜರ, ಅದರಾಗ ಬೂಟಿನ ಮೂತಿ, ಸುತ್ತಲೂ ಬಿಗೀಲಿಕ್ಕೆ ಚರ್ಮದ ಪಟ್ಟಿ. ಹೆಚ್ಚುಕಡಿಮಿ ತೊಂಬತ್ತು ವರ್ಷ ರೇಸಿನವರು ಅದರಾಗ ಕಾಲಿಟ್ಟು ತುಳಿದ್ರು. ಆಮ್ಯಾಲೆ ಪಂಜರ ಇಲ್ಲದ ಪೆಡಲ್ ಬಂದಾಗ, ಹಳೇ ಕ್ಲಿಪ್ ಇದರಾಗಿಲ್ಲ ಅಂತ ಹೇಳ್ಲಿಕ್ಕೆ ಕ್ಲಿಪ್‌ಲೆಸ್ ಅಂದ್ರು. ಹೋದದ್ದರ ಹೆಸರು ಬಂದದ್ದಕ್ಕ ಅಂಟಿತು.

ಇದನ್ನೆಲ್ಲಾ ನಾನು ಹುಡುಕಿ ಓದಿದ್ದು ಸೈಕಲ್ಲಿನ ಮೋಹದಿಂದ ಅಲ್ರಿ, ಹೆದರಿಕಿಯಿಂದ. ನಮ್ಮ ಮೌಶಿ ಒಬ್ಬಾಕಿ ಸ್ಕೂಟರಿನ ಹಿಂದ ಕೂತು ಹೊಂಟಾಗ ಸೆರಗು ಗಾಲಿಯೊಳಗ ಸಿಕ್ಕು ರಸ್ತಾಕ್ಕ ಬಿದ್ದಿದ್ಲು. ಹನ್ನೊಂದು ತಿಂಗಳು ಹಾಸಿಗಿ. ಬಲಗೈ ಇವತ್ತಿಗೂ ಭುಜದ ಮ್ಯಾಲೆ ಏಳಂಗಿಲ್ಲ, ಹೆರಳು ಹಾಕ್ಕೊಳ್ಳಲಿಕ್ಕೆ ಇನ್ನೊಬ್ರು ಬೇಕು. ಅವತ್ತಿನಿಂದ ನಮ್ಮನಿಯೊಳಗ ಒಂದು ನೇಮ: ತಿರುಗೂ ಗಾಲಿಯ ಹತ್ರ ಮೈಮ್ಯಾಲಿನ ಯಾವುದೂ ಜೋತಾಡಬಾರದು, ಸಿಗಬಾರದು. ಸೆರಗಾಗಲಿ, ಓಢಣಿಯಾಗಲಿ, ಬ್ಯಾಗಿನ ಪಟ್ಟಿಯಾಗಲಿ. ಹಂತಾ ಮನ್ಯಾಗ ಹತ್ತೊಂಬತ್ತು ವರ್ಷದ ಹುಡುಗಿ ಎರಡೂ ಕಾಲು ತಾನಾಗಿ ಸೈಕಲ್ಲಿಗೆ ಕೀಲಿ ಹಾಕ್ಕೊಂಡು ಹೆದ್ದಾರಿಗೆ ಹೋಗ್ತೇನಿ, ಹದಿಮೂರೂವರಿ ತಾಸಿನೊಳಗ 200 ಕಿಲೋಮೀಟರಿನ ಬ್ರೆವೆ ಮುಗಸ್ತೇನಿ ಅಂದ್ರ ಹೆಂಗ? ಕಾಲು ಹೆಂಗ ಕಟ್ಟಿದ್ರು ಅನ್ನೂದು ನನಗ ಬೇಕಾಗಿರಲಿಲ್ಲ. ಬಿಚ್ಚೂದರ ಬಗ್ಗೆ ಯಾರು, ಯಾವಾಗ ತಲಿ ಕೆಡಿಸ್ಕೊಂಡ್ರು ಅನ್ನೂದು ಬೇಕಾಗಿತ್ತು.

ಕಟ್ಟೂದು ಸುರು ಆಗಿದ್ದಕ್ಕ ಕಾರಣ ಸರಳ. ಆಗಿನ ಸೈಕಲ್ಲಿಗೆ ಫ್ರೀವೀಲ್ ಇರಲಿಲ್ಲ. ಗಾಲಿ ತಿರುಗೂವರೆಗೂ ಪೆಡಲ್ ತಿರುಗಲೇಬೇಕು. ಇಳಿಜಾರಿನಾಗ ಪೆಡಲ್ ಗಿರಗಿರ ಅನ್ನೂವಾಗ ಕಾಲು ಜಾರಿತು ಅಂದ್ರ ಮತ್ತ ಅದನ್ನ ಹಿಡಿಯೂದು ಅಸಾಧ್ಯ, ಮ್ಯಾಲೆ ಮೊಣಕಾಲ ಕೆಳಗಿನ ಎಲುಬಿಗೆ ಹೊಡತ. ಅದಕ್ಕ ಕಾಲು ಪೆಡಲ್ ಮ್ಯಾಲೇ ನಿಲ್ಲಬೇಕಾಗಿತ್ತು. ಕುದುರಿ ಸವಾರಗ ಅಂಕವಣಿ ಹೆಂಗೋ ಹಂಗ. ಅಂಕವಣಿಯೊಳಗ ಕಾಲು ಸಿಕ್ಕು ಬಿದ್ದವನ್ನ ಕುದುರಿ ಎಳಕೊಂಡು ಹೋದ ಕಥೀನೂ ಅಷ್ಟೇ ಹಳೇದು.

ಪಟ್ಟಿಯ ಕಾಲದ ಪದ್ಧತಿ ಕೇಳಿದ್ರ ಪೂಜಾವಿಧಿ ಕೇಳಿದಂಗ ಆಗ್ತದ. ಹೊಸಾ ಬೂಟು ತಂದು ಮೊದಲ ಕೆಲವು ದಿನ ಬರೇ ತಳದಾಗ ತುಳೀಬೇಕು. ಪೆಡಲ್ಲಿನ ಗೆರಿ ಚರ್ಮದ ಮ್ಯಾಲೆ ಮೂಡ್ತದ. ಆ ಗೆರಿ ನೋಡಿ, ಕಾಲು ತನಗ ಬೇಕಾದಂಗ ಕೂತ ಕೋನ ಹಿಡಿದು, ಅಲ್ಲಿಗೆ ಗಾಡಿ ಇರೂ ಕ್ಲೀಟನ್ನ ಮೊಳಿ ಹೊಡೀಬೇಕು. ರೇಸ್ ಸುರು ಆಗೂ ಮುಂದ ಬಗ್ಗಿ ಕೈಲೆ ಪಟ್ಟಿ ಎಳದು ಬಿಗೀಬೇಕು. ನಿಲ್ಲೂ ಮುಂದ ಮತ್ತ ಬಗ್ಗಿ ಬಕಲ್ ಸಡಲಿಸಬೇಕು. ಬೀಳೂವಾಗ ಯಾರಿಗೆ ಬಗ್ಗಲಿಕ್ಕೆ ಪುರಸೊತ್ತು ಇರ್ತದ? ಕಾಲು ಸೈಕಲ್ ಜೋಡಿನೇ ಹೋಗ್ತಿತ್ತು.

ಆ ಟೋ ಕ್ಲಿಪ್ಪುಗಳ ಮ್ಯಾಲೆ ಭಾಳ ವರ್ಷ ಇದ್ದ ಹೆಸರು ‘ಕ್ರಿಸ್ತೋಫ್’. ಯುಜೀನ್ ಕ್ರಿಸ್ತೋಫ್ ಅಂತ ಫ್ರಾನ್ಸಿನ ಸವಾರ. ಈ ಮನಿಷ್ಯಾನ ಬಗ್ಗೆ ಹೇಳದ ಮುಂದ ಹೋಗಲಿಕ್ಕೆ ಮನಸಾಗವಲ್ದು. 1913ರ ಟೂರ್ ದ ಫ್ರಾನ್ಸಿನಾಗ ಟೂರ್ಮಾಲೆ ಘಟ್ಟ ಇಳಿಯೂವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರೀತು. ಇನ್ನೊಬ್ರ ಸಹಾಯ ತಗೋಬಾರದು ಅಂತ ಆಗ ನಿಯಮ. ಸೈಕಲ್ ಹೊತ್ತುಕೊಂಡು ಹತ್ತು ಕಿಲೋಮೀಟರಿಗಿಂತ ಹೆಚ್ಚು ಘಟ್ಟ ಇಳದು ಸೇಂತ್ ಮರಿ ದ ಕಂಪಾನ್ ಅನ್ನೂ ಹಳ್ಳಿ ಮುಟ್ಟಿ, ಅಲ್ಲಿನ ಕಮ್ಮಾರನ ಕುಲುಮಿಯೊಳಗ ಫೋರ್ಕ್ ತಾನೇ ಬೆಸದ. ತಿದಿ ಒತ್ತಲಿಕ್ಕೆ ಸಣ್ಣ ಹುಡುಗನೊಬ್ಬ ಕೈಗೂಡಿಸಿದ ಅಂತ ಪಂಚರು ಅದಕ್ಕೂ ದಂಡ ಹಾಕಿದ್ರು! ಹಂತಾ ಪಂಚರಿಗೆ ನಮ್ಮೂರ ಸಾಲಿ ಹೆಡ್‌ಮಾಸ್ತರ ಕೆಲಸ ಕೊಡಬೇಕಾಗಿತ್ತು.

ಆಶ್ಚರ್ಯ ಏನಂದ್ರ, ಬಿಚ್ಚೂ ಉಪಾಯ ಮೊದಲೇ ಹೊಳದಿತ್ತು. ಅಮೆರಿಕಾದ ರೋಡ್ ಐಲ್ಯಾಂಡಿನ ಚಾರ್ಲ್ಸ್ ಹ್ಯಾನ್ಸನ್ 1895ರಾಗೇ ಪಂಜರ ಇಲ್ಲದ ಪೆಡಲ್ ಮಾಡಿದ್ದ. ಕಾಲು ತಿರುವಿದ್ರ ಸಿಕ್ಕೊಳ್ತದ, ತಿರುವಿದ್ರ ಬಿಡ್ತದ. ಅದು ಬಳಕಿಗೆ ಬರಲಿಲ್ಲ, ಪಂಜರ ಪಟ್ಟಿನೇ ಗೆದ್ದವು. ಮುಂದ 1970ರ ಸುಮಾರಿಗೆ ಇಟಲಿಯ ಚೀನೋ ಚಿನೆಲ್ಲಿ ‘ಎಂ 71’ ಅಂತ ಪೆಡಲ್ ತಂದ. ಕ್ಲೀಟು ಅದರಾಗ ಜಾರಿ ಕೂಡ್ತಿತ್ತು, ಹಿಡತ ಗಟ್ಟಿ. ಆದ್ರ ಬಿಡಿಸ್ಕೋಬೇಕಂದ್ರ ಬಗ್ಗಿ ಕೈಲೆ ಪೆಡಲ್ಲಿನ ಸನ್ನಿ ಎಳೀಬೇಕು. ಸವಾರರು ಅದಕ್ಕ ಸಾವಿನ ಪೆಡಲ್ ಅಂತ ಅಡ್ಡಹೆಸರಿಟ್ರು. ಹಿಡಿಯೂದರಾಗ ಅಷ್ಟು ಬುದ್ಧಿ ಖರ್ಚು ಮಾಡಿದಾವ ಬಿಡೂದನ್ನ ಕೈಗೆ ಬಿಟ್ಟಿದ್ದ.

ನಮ್ಮಜ್ಜ ಎತ್ತು ಕಟ್ಟೂವಾಗ ಕಣ್ಣಿಗೆ ಎಷ್ಟು ಗಂಟು ಹಾಕಿದ್ರೂ ಒಂದು ತುದಿ ಹೊರಗ ಬಿಡ್ತಿದ್ದ. ಕೊಟ್ಟಿಗ್ಯಾಗ ಬೆಂಕಿ ಬಿದ್ರ, ಕತ್ತಲ್ಯಾಗ, ಒಂದ ಕೈಲೆ ಎಳದ್ರ ಬಿಚ್ಚಬೇಕು ಅಂತಿದ್ದ. ಚಿನೆಲ್ಲಿಯ ಪೆಡಲ್ ಬಗ್ಗೆ ಓದೂವಾಗ ಅದು ನೆನಪಾತು.

ಕಡೀಗೆ ಬಿಚ್ಚೂ ವಿದ್ಯಾ ಸೈಕಲ್ಲಿನವರಿಗೆ ಬಂದದ್ದು ಹಿಮದ ಮ್ಯಾಲೆ ಜಾರೂವವರಿಂದ. ಸ್ಕೀ ಮಾಡೂವವರ ಕಾಲಿಗೆ ಉದ್ದನ್ನ ಹಲಗಿ ಕಟ್ಟಿರ್ತದ. ಬಿದ್ದಾಗ ಹಲಗಿ ಒಂದು ಕಡೆ ತಿರುಗಿ, ಕಾಲು ಇನ್ನೊಂದು ಕಡೆ ತಿರುಗಿ ಎಲುಬು ಮುರಿಯೂದು ಅಲ್ಲಿ ಮಾಮೂಲಿ. ನಾರ್ವೆಯಿಂದ ಅಮೆರಿಕಾಕ್ಕ ಹೋದ ಯಾಲ್ಮರ್ ವಾಮ್ ಅನ್ನೂ ಸ್ಕೀ ಪಟು 1937ರಾಗ ಕಾಲು ಮುರಕೊಂಡು ದವಾಖಾನ್ಯಾಗ ಮಲಗಿದ್ದ. ಬಿದ್ದಾಗ ತಾನ ಬಿಡೂ ಬೈಂಡಿಂಗಿನ ವಿಚಾರ ಅಲ್ಲೇ ಅವನ ತಲ್ಯಾಗ ಬಂತು. ಫ್ರಾನ್ಸಿನ ನೆವೇರ್ ಊರಿನ ಲುಕ್ ಕಂಪನಿ 1950ರಾಗ ‘ನೆವಾಡಾ’ ಅಂತ ಹಂತಾದ್ದೊಂದು ಬೈಂಡಿಂಗ್ ತಂತು. ಸುಮ್ಮನಿದ್ದಾಗ ಗಟ್ಟಿ ಹಿಡೀಬೇಕು, ತಿರುವು ಬಿದ್ರ ಬಿಡಬೇಕು. ಮೂವತ್ತು ವರ್ಷ ಆ ಕಂಪನಿ ಇದರಾಗೇ ಪಳಗಿತ್ತು. 1983ರಾಗ ಬರ್ನಾರ್ ತಾಪೀ ಅನ್ನೂ ವ್ಯಾಪಾರಿ ಲುಕ್ ಕೊಂಡ. ಮರುವರ್ಷ ಅವನದೇ ಸೈಕಲ್ ತಂಡ, ಲ ವೀ ಕ್ಲೇರ್, ಸುರು ಆತು. ಸ್ಕೀ ಬೈಂಡಿಂಗಿನ ಬುದ್ಧಿ ಪೆಡಲ್ಲಿಗೆ ಬಂದದ್ದು ಆಗಲೇ. ಒತ್ತಿದ್ರ ಕೂಡ್ತದ, ಹಿಮ್ಮಡಿ ಹೊರಗ ತಿರುವಿದ್ರ ಬಿಡ್ತದ. ಕೈ ಬೇಕಾಗಿಲ್ಲ, ಬಗ್ಗಬೇಕಾಗಿಲ್ಲ. 1985ರಾಗ ಬರ್ನಾರ್ ಹಿನೋ ಆ ಪೆಡಲ್ ತುಳದೇ ತನ್ನ ಐದನೇ ಟೂರ್ ಗೆದ್ದ.

ಎಲ್ಲಾರೂ ತಕ್ಷಣ ನಂಬಲಿಲ್ಲ. ಐರ್ಲೆಂಡಿನ ಶಾನ್ ಕೆಲಿ ಹಂತಾ ಘಟಾನುಘಟಿ 1990ರ ಆಚೀಗೂ ಪಟ್ಟಿ ಬಿಡಲಿಲ್ಲ. ಜಪಾನಿನ ಕೈರಿನ್ ರೇಸಿನಾಗಂತೂ ಇವತ್ತಿಗೂ ಪಂಜರ, ಪಟ್ಟಿನೇ ನಡೀತದ. ಮೊದಲ ಪೆಡಲ್ಲಿನಾಗ ಇನ್ನೊಂದು ಕೊರತಿ ಇತ್ತು: ಕಾಲು ಒಂದ ಕೋನದಾಗ ಬೆಸಗಿ ಹಾಕಿದಂಗ ನಿಲ್ತಿತ್ತು, ಮೊಣಕಾಲಿಗೆ ನೋವು. ತುಸು ಅತ್ತಿತ್ತ ಆಡೂ ಸಡಲು ಆಮ್ಯಾಲೆ ಬಂತು. ಈಗ ಲುಕ್ ಕಿಯೋ ಕ್ಲೀಟಿನ ಬಣ್ಣ ನೋಡಿದ್ರ ತಿಳೀತದ, ಕರೀದಕ್ಕ ಸಡಲಿಲ್ಲ, ಬೂದಿ ಬಣ್ಣದ್ದಕ್ಕ 4.5 ಡಿಗ್ರಿ, ಕೆಂಪಿಗೆ 9.

ನಮ್ಮನಿಗೆ ಬಂದದ್ದು ಮಾತ್ರ ಇನ್ನೊಂದು ಜಾತಿ. 1990ರಾಗ ಜಪಾನಿನ ಶಿಮಾನೋ ತಂದ ಎಸ್‌ಪಿಡಿ. ಕಾಡು ಗುಡ್ಡದಾಗ ಸೈಕಲ್ ಹೊಡಿಯೂವವರು ಕೆಸರಿನಾಗ ಇಳದು ನಡೀಬೇಕಾಗ್ತದ. ರಸ್ತಾ ರೇಸಿನ ಬೂಟಿನಾಗ ಕ್ಲೀಟು ತಳದಿಂದ ಹೊರಗ ಚಾಚಿರ್ತದ, ಹಾಕ್ಕೊಂಡು ನಡದ್ರ ಬಾತುಕೋಳಿ. ಎಸ್‌ಪಿಡಿಯೊಳಗ ಸಣ್ಣ ಕ್ಲೀಟನ್ನ ಎರಡ ಬೋಲ್ಟಿನಿಂದ ತಳದ ಒಳಗ ಹುದುಗಿಸಿದ್ರು. ಚಹಾದಂಗಡಿಗೆ ಮನಿಷ್ಯಾರಂಗ ನಡಕೊಂಡು ಹೋಗಬಹುದು. ಹಂಗಿದ್ರೂ ನಮ್ಮನ್ಯಾಗ ಅದು ಹೊಸ್ತಿಲು ದಾಟಂಗಿಲ್ಲ, ಅದು ಬ್ಯಾರೆ ಮಾತು.

ಇನ್ನ ರೂಢಿ ಆಗೂದು. ಯಂತ್ರ ನೂರು ವರ್ಷ ತಗೊಂಡು ಕಲಿತಿದ್ದನ್ನ ಕಾಲು ಎರಡು ವಾರದಾಗ ಕಲೀಬೇಕು, ಅಲ್ಲೇ ತಿಕ್ಕಾಟ. ಹೆದರಿದಾಗ ಮನಿಷ್ಯಾ ಕಾಲು ಮ್ಯಾಲೆ ಎತ್ತತಾನ. ಮ್ಯಾಲೆ ಎತ್ತಿದ್ರ ಇದು ಬಿಡಂಗಿಲ್ಲ, ಹಿಮ್ಮಡಿ ಹೊರಗ ಹೋಗಬೇಕು. ಅದಕ್ಕ ಹೊಸಬರು ಬೀಳೂದು ಓಡೂವಾಗಲ್ಲ, ನಿಂತಾಗ. ಸೈಕಲ್ ಪೂರ್ತಿ ನಿಲ್ತದ, ಕಾಲು ಬಿಟ್ಟಿರಂಗಿಲ್ಲ, ಕಡದ ಬಾಳಿಗಿಡದಂಗ ಸಾವಕಾಶ ಬಾಜೂಕ್ಕ ಉರುಳ್ತಾರ. ಮಗಳೂ ಜುಬಿಲಿ ಸರ್ಕಲ್ಲಿನಾಗ ಕೆಂಪು ದೀಪ ನೋಡಿ ಸರಿಯಾಗೇ ನಿಂತು ಹಿಂಗೇ ಉರುಳಿದ್ಲು. ಮೊಣಕೈ ಕೆತ್ತಿತ್ತು. ಎತ್ತಲಿಕ್ಕೆ ಬಂದ ಆಟೋದವರು “ಪೆಡಲ್ಲಿಗೆ ಫೆವಿಕಾಲ್ ಹಚ್ಚಿರೇನು?” ಅಂದ್ರಂತ.

ಅವತ್ತಿನಿಂದ ಸಂಜಿ ಅಂಗಳದಾಗ ಅಭ್ಯಾಸ. ಕಂಪೌಂಡ್ ಗ್ವಾಡಿಗೆ ಕೈಕೊಟ್ಟು ಕೂತು, ಒಂದ ಕಾಲು, ಟಕ್ ಅಂತ ಹಾಕೂದು, ಹಿಮ್ಮಡಿ ತಿರುವಿ ತಗಿಯೂದು. ನಾನು ಅಕ್ಕಿ ಆರಿಸಿಕೋತ ಎಣಸ್ತಿದ್ದೆ, ನೂರು ಆದ ಮ್ಯಾಲೆ ಇನ್ನೊಂದು ಕಾಲು. ಪೆಡಲ್ಲಿನಾಗ ಹಿಡತ ಹೆಚ್ಚುಕಡಿಮಿ ಮಾಡೂ ಸಣ್ಣ ತಿರುಪು ಇರ್ತದ, 3 ಮಿಲಿಮೀಟರ್ ಕೀಲಿಲೆ ಅದನ್ನ ಪೂರ್ತಿ ಸಡಲು ಮಾಡಿದ್ವಿ. ಬ್ರೇಕ್ ಹಿಡಿಯೂಕಿಂತ ಮುಂದ ಎಡಗಾಲು ಬಿಚ್ಚಬೇಕು ಅಂತ ನೇಮ ಮಾಡ್ಕೊಂಡ್ಲು. ಇನ್ನೂ ಹೆದರಿಕಿ ಇದ್ದವರಿಗೆ ಎಸ್‌ಎಚ್ 56 ಅನ್ನೂ ಕ್ಲೀಟ್ ಸಿಗ್ತದ. ಅದು ಹೊರಗಷ್ಟೇ ಅಲ್ಲ, ಬ್ಯಾರೆ ದಿಕ್ಕಿಗೆ ಜಗ್ಗಿದ್ರೂ ಬಿಡ್ತದ. ನಾವು ಅದನ್ನೇ ತರಿಸಿದ್ವಿ. ಅದಕ್ಕ ಹಟಾ ಹಿಡದಾಕಿ ನಾನು.

ಲಾಭ ಏನು ಅಂತ ಕೇಳ್ತೀರಿ. ಕಾಲು ಮ್ಯಾಲೆ ಎಳದೂ ಶಕ್ತಿ ಕೊಡಬಹುದು ಅಂತ ಅಂಗಡಿಯವರು ಹೇಳ್ತಾರ, ನನಗ ಅದು ಅಷ್ಟು ಖರೇ ಅನ್ನಿಸಂಗಿಲ್ಲ. 2007ರಾಗ ಪ್ರಕಟವಾದ ಒಂದು ಅಧ್ಯಯನದಾಗ, ಬೇಕಂತ ಮ್ಯಾಲೆ ಎಳದು ತುಳದವರ ದಕ್ಷತಾ ಕಡಿಮಿನೇ ಆಗಿತ್ತು. ಮಗಳು ಹೇಳೂ ಲಾಭ ಬ್ಯಾರೆ: ನೂರು ಕಿಲೋಮೀಟರ್ ಆದ ಮ್ಯಾಲೆ, ಮಳಿಯೊಳಗ, ಕಾಲು ಎಲ್ಲಿಡ್ಲಿ ಅಂತ ವಿಚಾರ ಮಾಡಬೇಕಾಗಿಲ್ಲ. ಸಂತಿಗೆ ಹೋಗಿ ಕಾಯಿಪಲ್ಯ ತರಲಿಕ್ಕೆ ಸಾದಾ ಪೆಡಲ್ಲು ಚಪ್ಪಲಿನೇ ಬರೋಬ್ಬರಿ.

ಒಂದು ಮಾತು ಮಾತ್ರ ಮನಿಯವರು ತಿಳ್ಕೊಂಡಿರಬೇಕು. ಬೂಟಿನ ತಳದ ಎರಡು ಬೋಲ್ಟಿನಾಗ ಒಂದು ಬಿದ್ದುಹೋದ್ರ, ಹಿಮ್ಮಡಿ ತಿರುವಿದಾಗ ಕ್ಲೀಟು ಪೆಡಲ್ಲಿನಾಗೇ ಉಳದು ಬೂಟಷ್ಟೇ ತಿರುಗ್ತದ. ಕಾಲು ಬಿಡಂಗೇ ಇಲ್ಲ. ಅದಕ್ಕ ಪ್ರತಿ ಶನಿವಾರ ರಾತ್ರಿ, ದೊಡ್ಡ ಸವಾರಿಯ ಮುಂಚೆ, 4 ಮಿಲಿಮೀಟರ್ ಕೀಲಿ ತಗೊಂಡು ನಾಲ್ಕೂ ಬೋಲ್ಟ್ ಒಮ್ಮೆ ಬಿಗದು ನೋಡ್ತೇನಿ. ಕೆಸರು ತುಂಬಿದ್ರ ಹಳೇ ಹಲ್ಲುಜ್ಜೂ ಬ್ರಶ್ಶಿನಿಂದ ತಿಕ್ಕಿ ತಗೀತೇನಿ. ಕೀಲಿ ಅಡಗಿಮನ್ಯಾಗ, ಲಟ್ಟಣಿಗಿ ಇಡೂ ಡಬ್ಬಿಯೊಳಗ ಇರ್ತದ.