ದಡ್ಡತನವೆಂದು ನಾವು ಕರೆದದ್ದು

1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು. ಅದು ಪರ್ಸಿ ಎಂಬ 14 ವರ್ಷದ ಹುಡುಗನನ್ನು ಕುರಿತದ್ದು. ಬುದ್ಧಿ ಚುರುಕು, ಕಣ್ಣಿನಲ್ಲಿ ದೋಷವಿಲ್ಲ, ಲೆಕ್ಕವೂ ಬರುತ್ತಿತ್ತು. ಆದರೆ ಓದು ಮಾತ್ರ ಹತ್ತಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇವನೇ ಶಾಲೆಗೆ ಜಾಣನಾಗುತ್ತಿದ್ದನೆಂಬುದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು.

ಆ ಮೇಷ್ಟರ ವಿಷಯ ಓದಿದಾಗ ನನಗೆ ನಾಚಿಕೆಯಾಯಿತು. ನನ್ನ ತರಗತಿಯಲ್ಲೂ ಅಂಥವನೊಬ್ಬನಿದ್ದ. ಒಮ್ಮೆ ಕೇಳಿದ ಕಥೆಯನ್ನು ಹಾಗೆಯೇ ಒಪ್ಪಿಸುವನು. ಉಕ್ತಲೇಖನದಲ್ಲಿ ಮಾತ್ರ ಒತ್ತಕ್ಷರ ಒಂದೂ ಸರಿಯಿರದು. ನಾನು ತಪ್ಪಾದ ಪದವನ್ನು ನೂರು ಸಲ ಬರೆಸಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟ.

ಇದಕ್ಕೆ ಹೆಸರಿಲ್ಲದಿರಲಿಲ್ಲ. ಜರ್ಮನಿಯ ಕುಸ್‌ಮೌಲ್ 1877ರಲ್ಲಿ ‘ಪದಾಂಧತೆ’ ಎಂದರು. 1887ರಲ್ಲಿ ರುಡಾಲ್ಫ್ ಬರ್ಲಿನ್ ‘ಡಿಸ್ಲೆಕ್ಸಿಯಾ’ ಎಂಬ ಪದವನ್ನು ಬಳಸಿದರು. ಅವರು ಕಂಡದ್ದು ಮಿದುಳಿಗೆ ಪೆಟ್ಟಾದ ವಯಸ್ಕರನ್ನು. ಇದು ಹುಟ್ಟಿನಿಂದಲೂ ಬರಬಹುದೆಂದು ತೋರಿಸಿದ್ದು ಮಾರ್ಗನ್. 1963ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ ‘ಕಲಿಕಾ ನ್ಯೂನತೆ’ ಎಂಬ ಹೆಸರನ್ನು ರೂಢಿಗೆ ತಂದರು. ನಮ್ಮ ದೇಶದ 1995ರ ಕಾಯಿದೆಯ ಏಳು ಅಂಗವೈಕಲ್ಯಗಳಲ್ಲಿ ಇದಕ್ಕೆ ಎಡೆಯಿರಲಿಲ್ಲ. 2016ರ ಕಾಯಿದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. ಸರ್ಕಾರಿ ಕಚೇರಿಗಳು ಇಂಥ ನೌಕರರಿಗೆ ತಕ್ಕ ಅನುಕೂಲ ಕಲ್ಪಿಸಬೇಕೆಂದಿತು.

ಆ ಅನುಕೂಲವೇನೂ ದುಬಾರಿಯಲ್ಲ. ಸೂಚನೆಯನ್ನು ಬಾಯಲ್ಲೂ ಹೇಳುವುದು, ಕೆಲಸದ ಹಂತಗಳನ್ನು ಚಿತ್ರದಲ್ಲಿ ತೋರಿಸುವುದು, ಕಡತವನ್ನು ಗಣಕಯಂತ್ರದಿಂದ ಓದಿಸುವುದು, ಬರೆಯಲು ಕೊಂಚ ಹೆಚ್ಚು ಸಮಯ ಕೊಡುವುದು, ಎಲ್ಲರೆದುರು ಗಟ್ಟಿಯಾಗಿ ಓದೆಂದು ಒತ್ತಾಯಿಸದಿರುವುದು.

ಕೆಲವು ವರ್ಷಗಳ ಹಿಂದೆ ಮದುವೆಯೊಂದರಲ್ಲಿ ಆ ಶಿಷ್ಯ ಸಿಕ್ಕಿದ. ಈಗ ಸ್ವಂತ ಗ್ಯಾರೇಜು ನಡೆಸುತ್ತಾನೆ. ಕಾಲಿಗೆರಗಿ ಹೇಳಿದ: “ನನ್ನ ಯಜಮಾನರು ಎಲ್ಲಾ ಬಾಯಲ್ಲೇ ಹೇಳಿಕೊಟ್ಟರು ಸಾರ್. ಕೈಯಲ್ಲಿ ಮಾಡಿ ಕಲಿತೆ. ಬಿಲ್ ಮಾತ್ರ ಈಗಲೂ ಮಗಳೇ ಬರೆಯಬೇಕು.” ಕಾಯಿದೆ ಬರುವುದಕ್ಕೆ ಎಷ್ಟೋ ಮೊದಲೇ ಆ ಯಜಮಾನರು ಅದನ್ನು ಪಾಲಿಸಿದ್ದರು. ಬಿ.ಎಡ್. ಮಾಡಿದ್ದ ನನಗೆ ಅದು ಹೊಳೆದಿರಲಿಲ್ಲ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ಇಂದು ಅಧಿಕಾರಿಗಳಾಗಿದ್ದೀರಿ. ನಿಮ್ಮ ಕೈಕೆಳಗೆ ಬರೆಯಲು ಹಿಂಜರಿಯುವವರೊಬ್ಬರಿದ್ದರೆ, ಸೋಮಾರಿಯೆಂದು ಷರಾ ಬರೆಯುವ ಮುನ್ನ ಪಕ್ಕದಲ್ಲಿ ಕೂರಿಸಿಕೊಂಡು ತೊಡಕೇನೆಂದು ಕೇಳಿ. ನಾನು ಕೇಳಲಿಲ್ಲ.